ಕೆಲಿಮಾರ್ಫ: ಅಮೆರಿಕದ ಆಮೆ ದುಂಬಿಗಳು ಮತ್ತು ಅವನ್ನು ಗುರುತಿಸುವ ಬಗೆ

ಕೆಲಿಮಾರ್ಫ ಎಂಬುದು ಆಮೆ ದುಂಬಿಗಳ ಒಂದು ಜಾತಿ. ಕೋಲಿಯಾಪ್ಟಿರ ಗಣದ ಕ್ರೈಸೊಮೆಲಿಡೀ ಕುಟುಂಬದಲ್ಲಿ, ಅಂದರೆ ಎಲೆ ದುಂಬಿಗಳ ಕುಟುಂಬದಲ್ಲಿ, ಕ್ಯಾಸಿಡಿನೀ ಎಂಬ ಉಪಕುಟುಂಬಕ್ಕೆ ಸೇರಿದೆ. ಈ ಜಾತಿಯಲ್ಲಿ ಸುಮಾರು 70 ಪ್ರಭೇದಗಳಿವೆ. ಅಮೆರಿಕ ಖಂಡಗಳ ಹೊರಗೆ ಇವು ಸಹಜವಾಗಿ ಎಲ್ಲಿಯೂ ಇಲ್ಲ. ಮೆಕ್ಸಿಕೊದಿಂದ ಪನಾಮಾ, ಬ್ರೆಜಿಲ್ ದಾಟಿ ಅರ್ಜೆಂಟೀನ, ಚಿಲಿಗಳವರೆಗಿನ ಬೆಚ್ಚನೆಯ ನಾಡುಗಳೇ ಇವುಗಳ ತವರು. ಒಂದೆರಡು ಪ್ರಭೇದಗಳು ಮಾತ್ರ ಉತ್ತರಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಹಾದು ದಕ್ಷಿಣ ಕೆನಡಾವನ್ನು ಮುಟ್ಟಿವೆ. ಮರಿಹುಳುವೂ ಬೆಳೆದ ದುಂಬಿಯೂ ಬಹುಪಾಲು ಕಾನ್ವಾಲ್ವುಲೇಸೀ ಸಸ್ಯಗಳ ಎಲೆಯನ್ನೇ ತಿಂದು ಬದುಕುತ್ತವೆ. ನಮ್ಮ ಸಿಹಿಗೆಣಸು, ಕಡಲ ದಂಡೆಯ ಅಡುಂಬು ಬಳ್ಳಿ, ವಿಷ್ಣುಕ್ರಾಂತಿ ಇವೆಲ್ಲ ಸೇರುವ ಕುಟುಂಬ ಅದು.

ಕೆಂಪು, ಕಿತ್ತಳೆ, ಹಳದಿ ಮೈ. ಅದರ ಮೇಲೆ ಕಪ್ಪು ಚುಕ್ಕೆ, ಪಟ್ಟೆ. ಕೆಲವಕ್ಕೆ ಲೋಹದ ಹೊಳಪು. ಇಷ್ಟು ಎದ್ದು ಕಾಣುವ ಹುಳುವನ್ನು ಗುರುತಿಸುವುದು ಸುಲಭವಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಕೆಲಿಮಾರ್ಫದ ವಿಷಯದಲ್ಲಿ ಈ ನಂಬಿಕೆ ಎರಡು ಶತಮಾನಗಳ ಕಾಲ ತಜ್ಞರನ್ನೇ ದಾರಿ ತಪ್ಪಿಸಿದೆ. ಇಲ್ಲಿ ಒಂದೇ ಪ್ರಭೇದದ ಅಕ್ಕತಂಗಿಯರು ಬೇರೆ ಬೇರೆ ಬಣ್ಣ ತೊಟ್ಟಿರುತ್ತಾರೆ, ದೂರದ ನೆಂಟರಾದ ಪ್ರಭೇದಗಳು ಒಂದೇ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಮೈಯ ಕಟ್ಟು, ಕಾಲಿನ ರಚನೆ, ತಿನ್ನುವ ಬಳ್ಳಿ, ಮರಿಗಳ ನಡತೆ, ಕೊನೆಗೆ ಸಂತಾನ ಇವನ್ನೆಲ್ಲ ಕೂಡಿಸಿ ನೋಡಿದರೆ ಮಾತ್ರ ಹೆಸರು ಗಟ್ಟಿಯಾಗಿ ನಿಲ್ಲುತ್ತದೆ.

ಹೆಸರಿಟ್ಟವರು, ವಿಂಗಡಿಸಿದವರು

ಈ ಗುಂಪಿನ ಕೆಲವು ದುಂಬಿಗಳು ಕೆಲಿಮಾರ್ಫ ಎಂಬ ಹೆಸರು ಹುಟ್ಟುವ ಮೊದಲೇ ಯುರೋಪಿನ ಸಂಗ್ರಹಗಳನ್ನು ಸೇರಿದ್ದವು. ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ 1775ರಲ್ಲೇ ಇಂದಿನ ಕೆಲಿಮಾರ್ಫ ಕ್ರಿಬ್ರೇರಿಯ ಮತ್ತು ಕೆಲಿಮಾರ್ಫ ಕ್ಯಾಸಿಡಿಯ ಪ್ರಭೇದಗಳನ್ನು ವರ್ಣಿಸಿದ್ದ. ಜಾತಿಯ ಹೆಸರು ಫ್ರೆಂಚ್ ಕೀಟಶಾಸ್ತ್ರಜ್ಞ ಲೂಯಿ ಅಲೆಕ್ಸಾಂಡ್ರ್ ಓಗುಸ್ತ್ ಶೆವ್ರೊಲಾನದು, 1836ರದು. ಆದರೆ ಆಮೆ ದುಂಬಿಗಳ ನಿಜವಾದ ಪಟ್ಟಿಕಾರ ಸ್ವೀಡನ್ನಿನ ಕಾರ್ಲ್ ಹೆನ್ರಿಕ್ ಬೂಹೆಮಾನ್. 1850ರಿಂದ 1862ರ ನಡುವೆ ನಾಲ್ಕು ಸಂಪುಟಗಳಲ್ಲಿ ಆತ ಅಂದಿಗೆ ಗೊತ್ತಿದ್ದ ಎಲ್ಲ ಆಮೆ ದುಂಬಿಗಳನ್ನೂ ಲ್ಯಾಟಿನ್ನಿನಲ್ಲಿ ವರ್ಣಿಸಿದ. ಪನಾಮಾದಲ್ಲಿ ಇಂದು ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವ ಕೆಲಿಮಾರ್ಫ ಆಲ್ಟರ್ನನ್ಸ್ ಹೆಸರು ಪಡೆದದ್ದು ಆತನ 1854ರ ಸಂಪುಟದಲ್ಲಿ.

ಬೂಹೆಮಾನ್ ಕಾಡನ್ನು ನೋಡಿ ಬರೆದವನಲ್ಲ. ಅವನ ಮುಂದೆ ಇದ್ದದ್ದು ಸೂಜಿಗೆ ಚುಚ್ಚಿದ ಒಣ ಹುಳುಗಳು. ಯಾವ ಬಳ್ಳಿಯ ಮೇಲೆ ಸಿಕ್ಕಿತು, ಜೊತೆಯಲ್ಲಿ ಇನ್ನಾವ ಬಣ್ಣದವು ಕೂಡುತ್ತಿದ್ದವು ಎಂಬ ವಿವರ ಆ ಸೂಜಿಯ ಚೀಟಿಯಲ್ಲಿ ಇರುತ್ತಿರಲಿಲ್ಲ. ಬಣ್ಣ ಬೇರೆಯಾದರೆ ಪ್ರಭೇದ ಬೇರೆ ಎಂದು ಬಗೆಯುವುದು ಆ ಕಾಲಕ್ಕೆ ಸಹಜವಾಗಿತ್ತು. ಅವನ ದುಡಿಮೆಯನ್ನು ಹಗುರಾಗಿ ಕಾಣಬಾರದು. ಇಂದಿಗೂ ಹೆಸರಿನ ಬಗ್ಗೆ ಸಂದೇಹ ಬಂದಾಗ ಮೊದಲು ತೆರೆಯುವ ಪುಸ್ತಕ ಅವನದೇ. ಆದರೆ ಆ ಪುಸ್ತಕದಿಂದ ಬಂದ ಎಷ್ಟೋ ಹೆಸರುಗಳು ಇಂದು ಇನ್ನೊಂದರ ಪರ್ಯಾಯ ನಾಮಗಳಾಗಿ ಉಳಿದಿವೆ.

ಆಮೇಲಿನ ಕೆಲಸವನ್ನು ವಿಯೆನ್ನಾದ ಫ್ರಾನ್ಸ್ ಸ್ಪೇತ್ ಮುಂದುವರಿಸಿದ. ಅವನ ದೊಡ್ಡ ಸಂಗ್ರಹ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅದೇ ಸಂಗ್ರಹಾಲಯದಲ್ಲಿದ್ದ ವಾಲ್ಟರ್ ಡಗ್ಲಸ್ ಹಿಂಕ್ಸ್ 1952ರಲ್ಲಿ ಆಮೆ ದುಂಬಿಗಳ ಜಾತಿಗಳನ್ನು ಬೇರ್ಪಡಿಸುವ ಕೀಲಿಯನ್ನು ಪ್ರಕಟಿಸಿದ. 1999ರಲ್ಲಿ ಪೋಲೆಂಡಿನ ವ್ರೊತ್ಸ್ವಾಫ್ ನಗರದ ಲೆಖ್ ಬೊರೊವಿಯೆತ್ಸ್ ಲೋಕದ ಎಲ್ಲ ಆಮೆ ದುಂಬಿಗಳ ಸೂಚಿಯನ್ನು ಹೊರತಂದರು. ಕೆಲಿಮಾರ್ಫದ ಬಗ್ಗೆ ಯಾರು ಏನು ಬರೆದರೂ ಈ ಮೂರು ಮೆಟ್ಟಿಲುಗಳನ್ನು ಹತ್ತಿಯೇ ಬರೆಯಬೇಕು.

ಮೊದಲ ಪ್ರಶ್ನೆ: ಇದು ಆಮೆ ದುಂಬಿಯೇ?

ಕೆಲಿಮಾರ್ಫವನ್ನು ಕಂಡವರು ಮೊದಲು ಮಾಡುವ ತಪ್ಪು ಅದನ್ನು ಗುಲಗಂಜಿ ಹುಳು ಎಂದುಕೊಳ್ಳುವುದು. ಉಬ್ಬಿದ ದುಂಡನೆಯ ಬೆನ್ನು, ಕೆಂಪು ಮೈ, ಕಪ್ಪು ಚುಕ್ಕೆ ಎರಡರಲ್ಲೂ ಉಂಟು. ಭೂತಗನ್ನಡಿ ಹಿಡಿದು ಕಾಲಿನ ತುದಿಯನ್ನು ನೋಡಿದರೆ ಸಂದೇಹ ಹರಿಯುತ್ತದೆ. ಆಮೆ ದುಂಬಿಯ ಪಾದದಲ್ಲಿ ನಾಲ್ಕು ಗೆಣ್ಣುಗಳು. ಅವುಗಳಲ್ಲಿ ಮೂರನೆಯದು ಅಗಲವಾಗಿ ಎರಡು ಹಾಲೆಗಳಾಗಿ ಹರಡಿರುತ್ತದೆ, ತಳದಲ್ಲಿ ಒತ್ತಾದ ರೋಮಗಳ ಮೆತ್ತೆ ಇರುತ್ತದೆ. ಗುಲಗಂಜಿ ಹುಳುವಿನ ಪಾದದಲ್ಲಿ ಮೂರೇ ಗೆಣ್ಣುಗಳಿದ್ದಂತೆ ತೋರುತ್ತದೆ. ಕುಡಿಮೀಸೆಯೂ ಸಾಕ್ಷಿ ಹೇಳುತ್ತದೆ: ಗುಲಗಂಜಿ ಹುಳುವಿನದು ಗಿಡ್ಡ, ತುದಿ ಗದೆಯಂತೆ ದಪ್ಪ. ಆಮೆ ದುಂಬಿಯದು ಹನ್ನೊಂದು ಗೆಣ್ಣುಗಳದು, ಉದ್ದ, ತುದಿಯ ಕಡೆಗೆ ಮೆಲ್ಲಗೆ ದಪ್ಪವಾಗುತ್ತ ಹೋಗುವಂಥದು. ಇನ್ನು ಬಾಯಿ. ಎಲೆ ಮೇಯುವ ಆಮೆ ದುಂಬಿಯ ಬಾಯಿ ತಲೆಯ ತಳಭಾಗದಲ್ಲಿ ಅಡಗಿ ಕೆಳಕ್ಕೆ ಮುಖ ಮಾಡಿರುತ್ತದೆ. ಗುಲಗಂಜಿ ಹುಳುವಿನ ಬಾಯ ಪಕ್ಕದ ಸ್ಪರ್ಶಕಗಳು ಕೊಡಲಿಯ ಅಲಗಿನಂತೆ ಅಗಲವಾಗಿ ಎದ್ದು ಕಾಣುತ್ತವೆ.

ಪಾದದ ಆ ಮೆತ್ತೆ ಗುರುತಿನ ಚಿಹ್ನೆಯಷ್ಟೇ ಆಗಿ ಉಳಿದಿಲ್ಲ, ಅದು ಈ ಹುಳುಗಳ ಮುಖ್ಯ ಆಯುಧವೂ ಹೌದು. ಇರುವೆ ಬಂದು ಕಚ್ಚಿದಾಗ ಆಮೆ ದುಂಬಿ ಓಡುವುದಿಲ್ಲ. ಕುಡಿಮೀಸೆ, ಕಾಲುಗಳನ್ನು ಒಳಗೆಳೆದುಕೊಂಡು ಎಲೆಗೆ ಬಿಗಿಯಾಗಿ ಅಂಟಿ ಕೂರುತ್ತದೆ. ಇದರ ಬಲವನ್ನು ಕೆಲಿಮಾರ್ಫದ ಹತ್ತಿರದ ನೆಂಟನಲ್ಲದ ಇನ್ನೊಂದು ಆಮೆ ದುಂಬಿಯಲ್ಲಿ ಅಳೆದಿದ್ದಾರೆ. ಫ್ಲಾರಿಡಾದ ಹೆಮಿಸ್ಫೆರೋಟ ಸಯಾನಿಯ ಎಂಬ ನೀಲಿ ದುಂಬಿಗೆ ಆರೂ ಪಾದಗಳಲ್ಲಿ ಸೇರಿ ಸುಮಾರು 60,000 ಅಂಟುರೋಮಗಳಿವೆ. ತನ್ನ ತೂಕದ ಸುಮಾರು 60 ಪಟ್ಟು ಎಳೆತವನ್ನು ಅದು ಎರಡು ನಿಮಿಷ ತಡೆದುಕೊಂಡದ್ದನ್ನು ಥಾಮಸ್ ಐಸ್ನರ್ ಮತ್ತು ಡೇನಿಯಲ್ ಅನೆಶಾನ್ಸ್ಲಿ 2000ದಲ್ಲಿ ವರದಿ ಮಾಡಿದರು.

ಎರಡನೆಯ ಪ್ರಶ್ನೆ: ಇದು ಕೆಲಿಮಾರ್ಫವೇ?

ಆಮೆ ದುಂಬಿ ಎಂದು ಖಚಿತವಾದ ಮೇಲೆ ಪಕ್ಕದಿಂದ ನೋಡಬೇಕು. ಮೇಲಿನಿಂದ ತೆಗೆದ ಚಿತ್ರಗಳೇ ಎಲ್ಲೆಡೆ ಕಾಣಸಿಗುತ್ತವೆ, ಆದರೆ ಈ ಜಾತಿಗೆ ಪಕ್ಕದ ನೋಟವೇ ಮುಖ್ಯ. ಬಹುಪಾಲು ಆಮೆ ದುಂಬಿಗಳಲ್ಲಿ ಮುನ್ನೆದೆಯ ಫಲಕ ಮತ್ತು ಹೊರರೆಕ್ಕೆಗಳ ಅಂಚು ದೇಹದಿಂದ ಆಚೆಗೆ ತೆಳ್ಳಗೆ, ಚಪ್ಪಟೆಯಾಗಿ, ಎಷ್ಟೋ ವೇಳೆ ಗಾಜಿನಂತೆ ಪಾರದರ್ಶಕವಾಗಿ ಹರಡಿರುತ್ತದೆ. ಕೆಲಿಮಾರ್ಫದಲ್ಲಿ ಆ ಅಂಚು ಕಿರಿದು, ಅದೂ ಸಮತಟ್ಟಾಗಿ ಚಾಚದೆ ಇಳಿಜಾರಾಗಿರುತ್ತದೆ. ಮೈ ಬೋರಲು ಹಾಕಿದ ಬಟ್ಟಲಿನಂತೆ ನುಣುಪಾಗಿ ಉಬ್ಬಿರುತ್ತದೆ. ಬೆನ್ನಿನ ನಡುವೆ ಗೂನು ಇಲ್ಲ, ಹೆಗಲಿನಲ್ಲಿ ಕೊಂಬು ಇಲ್ಲ. ಹೆಚ್ಚಿನವುಗಳ ಉದ್ದ 7ರಿಂದ 12 ಮಿ.ಮೀ. ಇರುವುದರಿಂದ ಆಮೆ ದುಂಬಿಗಳ ಲೆಕ್ಕದಲ್ಲಿ ಇವು ದೊಡ್ಡವೇ. ಪಾದದ ಉಗುರುಗಳು ಸರಳ. ಅನೇಕ ಚಿಕ್ಕ ಆಮೆ ದುಂಬಿಗಳಲ್ಲಿ ಉಗುರಿನ ಬುಡದಲ್ಲಿ ಕಾಣುವ ಹಲ್ಲುಸಾಲು ಇವಕ್ಕಿಲ್ಲ.

ಇಷ್ಟರಿಂದ ಬಹಳಷ್ಟು ನೆಂಟರು ದೂರವಾಗುತ್ತಾರೆ. ಬಂಗಾರದ ಹನಿಯಂತೆ ಹೊಳೆಯುವ ಚಿಕ್ಕ ದುಂಬಿಗಳು ಕ್ಯಾರಿಡೊಟೆಲ್ಲ ಜಾತಿಯವು. ಅವುಗಳ ಅಂಚು ಅಗಲ, ಪಾರದರ್ಶಕ. ಅವುಗಳ ಬಣ್ಣದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಪನಾಮಾದ ಕ್ಯಾರಿಡೊಟೆಲ್ಲ ಇಗ್ರೀಜಿಯ ಎಂಬ ಪ್ರಭೇದವನ್ನು ಕೆಣಕಿದರೆ ಬಂಗಾರದ ಬಣ್ಣ ಕಣ್ಣೆದುರೇ ಕೆಂಪಾಗುತ್ತದೆ. ಹೊರರೆಕ್ಕೆಯ ಪದರಗಳಲ್ಲಿ ತುಂಬಿದ ದ್ರವ ಇಳಿದುಹೋದಾಗ ಬೆಳಕನ್ನು ಕನ್ನಡಿಯಂತೆ ಹಿಂತಿರುಗಿಸುವ ಗುಣ ಹೋಗಿ ಕೆಳಗಿನ ಕೆಂಪು ವರ್ಣಕ ಕಾಣಿಸುತ್ತದೆ ಎಂದು 2007ರಲ್ಲಿ ಭೌತವಿಜ್ಞಾನಿಗಳು ತೋರಿಸಿದರು. ದುಂಬಿ ಸತ್ತು ಒಣಗಿದಾಗಲೂ ಬಂಗಾರ ಮಾಯವಾಗುತ್ತದೆ. ಒಣ ಮಾದರಿಯ ಬಣ್ಣ ನೋಡಿ ಬರೆದ ವರ್ಣನೆಯನ್ನು ಜೀವಂತ ಹುಳುವಿಗೆ ಹೊಂದಿಸಲು ಹೊರಟರೆ ಏಕೆ ಎಡವುತ್ತೇವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬೆನ್ನಿನ ಮೇಲೆ ಗೋಪುರದಂತೆ ಎದ್ದ ಗೂನು ಇದ್ದರೆ ಅದು ಸಿರ್ಟೊನೋಟ ಕಡೆಯದು. ಗಂಡಿನ ಹೆಗಲು ತಲೆಯನ್ನೂ ಮೀರಿ ಮುಂದಕ್ಕೆ ಚಾಚಿ ಚೂಪಾಗಿದ್ದರೆ ಅದು ಅಕ್ರೊಮಿಸ್. ಕಷ್ಟ ಬರುವುದು ಸ್ಟೋಲಾಸ್ ಮತ್ತು ಬೊಟಾನೊಕಾರ ಎಂಬ ಜಾತಿಗಳ ಜೊತೆ. ಇವೂ ದೊಡ್ಡವು, ಇವುಗಳಲ್ಲೂ ಕೆಂಪು ಕಪ್ಪು ಮೈ ಉಂಟು, ತಿನ್ನುವ ಬಳ್ಳಿಗಳಲ್ಲಿಯೂ ಹಂಚಿಕೆ ಇದೆ. ಸಾಮಾನ್ಯವಾಗಿ ಸ್ಟೋಲಾಸ್ ದುಂಬಿಗಳ ಅಂಚು ಕೆಲಿಮಾರ್ಫಕ್ಕಿಂತ ಅಗಲ, ಮೈ ಇಷ್ಟು ಉಬ್ಬಿದ್ದಲ್ಲ. ಆದರೆ ಎಪ್ಪತ್ತು ಪ್ರಭೇದಗಳಲ್ಲಿ ಅಲ್ಲೊಂದು ಇಲ್ಲೊಂದು ಈ ಗೆರೆಯನ್ನು ದಾಟುತ್ತದೆ. ಈ ಮೂರೂ ಮೆಸೊಂಫೇಲಿನಿ ಎಂಬ ಒಂದೇ ಪಂಗಡದವು. ಐನೂರಕ್ಕೂ ಹೆಚ್ಚು ಪ್ರಭೇದಗಳಿರುವ ಆ ಪಂಗಡ ಪೂರ್ತಿಯಾಗಿ ಅಮೆರಿಕ ಖಂಡಗಳದೇ. ಅದರೊಳಗೆ ಒಂದೇ ಲಕ್ಷಣವನ್ನು ನಂಬಿ ಜಾತಿಯನ್ನು ಹೇಳಲು ಹೋಗಬಾರದು. ಉಬ್ಬು, ಅಂಚಿನ ಅಗಲ, ಉಗುರು, ಕುಡಿಮೀಸೆಯ ಗೆಣ್ಣುಗಳ ಉದ್ದ ಇವನ್ನು ಒಟ್ಟಾಗಿ ತೂಗಿ, ಸಾಧ್ಯವಾದರೆ ಹೆಸರು ಖಚಿತವಾದ ಮಾದರಿಯ ಪಕ್ಕದಲ್ಲಿಟ್ಟು ನೋಡುವುದೇ ಸರಿಯಾದ ದಾರಿ.

ಬಣ್ಣವನ್ನು ನಂಬಬಾರದೇಕೆ

ಈ ಮಾತನ್ನು ಸಾಬೀತುಮಾಡಿದವರು ದುಂಬಿಗಳನ್ನು ಸಾಕಿ ಬೆಳೆಸಿದವರು. ಬ್ರೆಜಿಲ್‌ನ ಜೊವಾವೊ ವಾಸ್ಕೊನ್ಸೆಲೊಸ್ ನೆಟೊ ಕೆಲಿಮಾರ್ಫ ಕ್ರಿಬ್ರೇರಿಯದ ಬಣ್ಣಗಳ ಆನುವಂಶಿಕತೆಯನ್ನು ಅಭ್ಯಾಸ ಮಾಡಿ 1988ರಲ್ಲಿ ಪ್ರಕಟಿಸಿದರು. ಒಂದೇ ಊರಿನ, ಒಂದೇ ಬಳ್ಳಿಯ ಮೇಲಿನ ದುಂಬಿಗಳಲ್ಲಿ ಕಾಣುವ ಬೇರೆ ಬೇರೆ ವಿನ್ಯಾಸಗಳು ತಂದೆತಾಯಿಯಿಂದ ಮಕ್ಕಳಿಗೆ ನಿಯಮಬದ್ಧವಾಗಿ ಇಳಿದುಬರುತ್ತವೆ, ಒಂದೇ ತತ್ತಿಗೊಂಚಲಿನಿಂದ ಒಂದಕ್ಕಿಂತ ಹೆಚ್ಚು ಬಣ್ಣದವು ಹೊರಬರಬಹುದು. ಆ ವಿನ್ಯಾಸಗಳು ಅದೇ ಜಾಗದ ಬೇರೆ ಕೆಟ್ಟ ರುಚಿಯ ದುಂಬಿಗಳನ್ನು ಹೋಲುತ್ತವೆ ಎಂಬುದನ್ನೂ ಅವರು ಗಮನಿಸಿದರು. ಒಂದು ಹಕ್ಕಿ ಒಮ್ಮೆ ಕೆಂಪು ಕಪ್ಪಿನ ಹುಳುವನ್ನು ಕುಕ್ಕಿ ಉಗುಳಿದರೆ ಅದೇ ಬಣ್ಣದ ಉಳಿದ ಹುಳುಗಳೆಲ್ಲ ಬದುಕಿಕೊಳ್ಳುತ್ತವೆ. ಹೀಗೆ ಎಚ್ಚರಿಕೆಯ ಬಣ್ಣವನ್ನು ಹಲವು ಪ್ರಭೇದಗಳು ಹಂಚಿಕೊಂಡಾಗ, ಆ ಬಣ್ಣ ನೋಡಿ ಪ್ರಭೇದ ಹೇಳುವವನು ಹಕ್ಕಿಯಂತೆಯೇ ಮೋಸಹೋಗುತ್ತಾನೆ.

ಪನಾಮಾದ ಕೆಲಿಮಾರ್ಫ ಆಲ್ಟರ್ನನ್ಸ್ ಇನ್ನೂ ಒಳ್ಳೆಯ ಪಾಠ. ಅಲ್ಲಿನ ಸ್ಮಿತ್ಸೋನಿಯನ್ ಉಷ್ಣವಲಯ ಸಂಶೋಧನಾ ಸಂಸ್ಥೆಯ ಡೊನಾಲ್ಡ್ ವಿಂಡ್ಸರ್ ಮತ್ತು ಅವರ ಸಂಗಡಿಗರು ಈ ದುಂಬಿಯನ್ನು ದಶಕಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಪನಾಮಾದೊಳಗೇ ಅದಕ್ಕೆ ಐದು ವೇಷಗಳಿವೆ. ಸಂಶೋಧಕರು ಅವನ್ನು ಮೆಟಾಲಿಕ್, ರೂಫಿಪೆನಿಸ್, ವೆರಾಗ್ವೆನ್ಸಿಸ್, ಮಿಲಿಟಾರಿಸ್ ಎ, ಮಿಲಿಟಾರಿಸ್ ಬಿ ಎಂದು ಕರೆಯುತ್ತಾರೆ. ಒಂದರಲ್ಲಿ ಲೋಹದ ಹೊಳಪು, ಒಂದರಲ್ಲಿ ಕೆಂಪು ಹೊರರೆಕ್ಕೆ, ಉಳಿದವುಗಳಲ್ಲಿ ಚುಕ್ಕೆ ಪಟ್ಟೆಗಳ ಬೇರೆ ಬೇರೆ ಜೋಡಣೆ. ದೇಶದ ಎಲ್ಲ ಕಡೆ ಐದೂ ಒಂದೇ ಪ್ರಮಾಣದಲ್ಲಿ ಸಿಗುವುದಿಲ್ಲ. ಕೆಲವು ಒಂದು ಭಾಗಕ್ಕೆ ಸೀಮಿತ, ಕೆಲವು ಉದ್ದಕ್ಕೂ ಹರಡಿವೆ. ಆದರೆ ಇವುಗಳನ್ನು ಒಂದರೊಡನೊಂದು ಕೂಡಿಸಿದಾಗ ಮರಿಗಳಾದವು, ಬಣ್ಣಗಳು ಮೆಂಡೆಲ್‌ನ ನಿಯಮಕ್ಕೆ ಒಪ್ಪುವಂತೆ ಹಂಚಿಹೋದವು. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಐದು ಬಣ್ಣದ ದುಂಬಿಗಳನ್ನು ಬೂಹೆಮಾನ್‌ನ ಮೇಜಿನ ಮೇಲೆ ಇಟ್ಟಿದ್ದರೆ ಅವನು ಅವಕ್ಕೆ ಒಂದೇ ಹೆಸರು ಕೊಡುತ್ತಿದ್ದ ಎಂದು ಹೇಳುವ ಧೈರ್ಯ ಯಾರಿಗೂ ಬರಲಾರದು.

ಹಾಗೆಂದು ಬಣ್ಣವನ್ನು ಬರೆದಿಡಬಾರದು ಎಂದಲ್ಲ. ಯಾವ ಊರಿನಲ್ಲಿ ಯಾವ ವೇಷ ಎಷ್ಟು ಸಿಕ್ಕಿತು ಎಂಬ ಲೆಕ್ಕವೇ ಮೇಲಿನ ಅಧ್ಯಯನದ ಬೆನ್ನೆಲುಬು. ಬಣ್ಣವನ್ನು ದಾಖಲಿಸಬೇಕು, ಆದರೆ ಪ್ರಭೇದದ ಹೆಸರಿಗೆ ಅದೊಂದನ್ನೇ ಆಧಾರ ಮಾಡಿಕೊಳ್ಳಬಾರದು.

ತತ್ತಿ, ಮರಿಹುಳು, ಕೋಶ

ಬೆಳೆದ ದುಂಬಿಯಿಂದ ಸಿಗದ ಗುರುತು ಎಷ್ಟೋ ಸಲ ಮರಿಗಳಿಂದ ಸಿಗುತ್ತದೆ. ಕೆಲಿಮಾರ್ಫದ ಹೆಣ್ಣು ಎಲೆಯ ಮೇಲೆ ತತ್ತಿಗಳನ್ನು ಗೊಂಚಲಾಗಿ ಇಡುತ್ತದೆ. ಒಂದೊಂದು ತತ್ತಿಯೂ ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ. ಹೊರಬಂದ ಮರಿಹುಳುಗಳು ಗುಂಪಾಗಿಯೇ ಮೇಯುತ್ತವೆ. ಮೈಯ ಅಂಚಿನಲ್ಲಿ ಸುತ್ತ ಮುಳ್ಳುಗಳು, ಹಿಂತುದಿಯಲ್ಲಿ ಕವಲೊಡೆದ ಒಂದು ಬಾಲ. ಪೊರೆ ಕಳಚಿದಾಗಲೆಲ್ಲ ಆ ಹಳೆಯ ಪೊರೆಯನ್ನು ಬಿಸಾಡದೆ ಬಾಲದ ಕವಲಿಗೆ ಸಿಕ್ಕಿಸಿಕೊಳ್ಳುತ್ತದೆ, ಅದರ ಮೇಲೆ ತನ್ನ ಹಿಕ್ಕೆಯನ್ನೂ ಮೆತ್ತುತ್ತದೆ. ಹೀಗೆ ಕಟ್ಟಿದ ಗುರಾಣಿಯನ್ನು ಬೆನ್ನ ಮೇಲೆ ಬಾಗಿಸಿಕೊಂಡು ತಿರುಗಾಡುತ್ತದೆ. ಇರುವೆ ಹತ್ತಿರ ಬಂದರೆ ಗುರಾಣಿಯನ್ನು ಆ ಕಡೆಗೆ ಬೀಸುತ್ತದೆ. ಆಹಾರದ ಬಳ್ಳಿಯಲ್ಲಿರುವ ಕಹಿ ರಾಸಾಯನಿಕಗಳು ಹಿಕ್ಕೆಯಲ್ಲೂ ಉಳಿದಿರುವುದರಿಂದ ಆಮೆ ದುಂಬಿಗಳ ಗುರಾಣಿ ಅಡ್ಡವಾಗಿ ನಿಲ್ಲುವುದಷ್ಟೇ ಅಲ್ಲದೆ ಶತ್ರುವಿಗೆ ಅಸಹ್ಯವನ್ನೂ ತರುತ್ತದೆ.

ತಾಯಿ ಎಲ್ಲಿ ಎಂಬ ಪ್ರಶ್ನೆಯೂ ಗುರುತಿಗೆ ನೆರವಾಗುತ್ತದೆ. ಅಕ್ರೊಮಿಸ್, ಓಮಾಸ್ಪಿಡೀಸ್, ಪ್ಯಾರಾಸೆಲೆನಿಸ್ ಮೊದಲಾದ ಕೆಲವು ಜಾತಿಗಳಲ್ಲಿ ತಾಯಿ ದುಂಬಿ ತತ್ತಿ, ಮರಿ, ಕೋಶಗಳನ್ನು ಬಿಟ್ಟು ಕದಲುವುದಿಲ್ಲ. ಪನಾಮಾದ ಅಕ್ರೊಮಿಸ್ ಸ್ಪಾರ್ಸದ ಈ ನಡತೆಯನ್ನು ವಿಂಡ್ಸರ್ 1987ರಲ್ಲಿ ವಿವರವಾಗಿ ಬರೆದರು. ಕೀಟಲೋಕದಲ್ಲಿ ಇದು ಅಪರೂಪದ ಮಮತೆ. ಕೆಲಿಮಾರ್ಫದ ತಾಯಿ ಹೀಗೆ ಕಾವಲು ಕೂರುವುದಿಲ್ಲ. ಗೆಣಸಿನ ಕುಟುಂಬದ ಬಳ್ಳಿಯೊಂದರ ಮೇಲೆ ಮರಿಗಳ ಗುಂಪನ್ನು ತನ್ನ ಅಗಲವಾದ ಮೈಯಿಂದ ಮುಚ್ಚಿ ಕುಳಿತ ದುಂಬಿ ಕಂಡರೆ, ಬಣ್ಣ ಏನೇ ಇರಲಿ, ಅದು ಬೇರೆ ಜಾತಿ ಎಂದು ಹೇಳಬಹುದು.

ತಾನು ಕಾಯದಿದ್ದರೂ ಕೆಲಿಮಾರ್ಫದ ತಾಯಿ ಮರಿಗಳಿಗೆ ಒಂದು ಬುತ್ತಿಯನ್ನು ಕಟ್ಟಿಕೊಟ್ಟೇ ಹೋಗುತ್ತದೆ. ಎಲೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸಲು ಬೇಕಾದ ಕಿಣ್ವಗಳು ಆಮೆ ದುಂಬಿಗಳಿಗೆ ಸ್ವಂತವಾಗಿಲ್ಲ. ಅವನ್ನು ಒದಗಿಸುವುದು ಸ್ಟ್ಯಾಮೆರ ಎಂಬ ಬ್ಯಾಕ್ಟೀರಿಯ. 1936ರಲ್ಲೇ ಈ ಸಹಜೀವಿಯನ್ನು ಕಂಡು ಬರೆದ ಜರ್ಮನ್ ಪ್ರಾಣಿವಿಜ್ಞಾನಿ ಹಾನ್ಸ್ ಯೂರ್ಗನ್ ಸ್ಟಾಮರ್‌ನ ನೆನಪಿಗೆ ಆ ಹೆಸರು. ಯುರೋಪಿನ ಒಂದು ಆಮೆ ದುಂಬಿಯ ಸ್ಟ್ಯಾಮೆರದ ಜೀನೋಮನ್ನು ಹಸನ್ ಸಲೇಂ ಮತ್ತು ಸಂಗಡಿಗರು 2017ರಲ್ಲಿ ಓದಿದಾಗ ಅದರ ಉದ್ದ ಮೂರು ಲಕ್ಷ ಅಕ್ಷರಗಳನ್ನೂ ಮುಟ್ಟಲಿಲ್ಲ. ದುಂಬಿಯ ಹೊಟ್ಟೆಯಲ್ಲಿ ನೆಲೆಸಿ ನೆಲೆಸಿ ಬೇಡದ್ದನ್ನೆಲ್ಲ ಅದು ಕಳೆದುಕೊಂಡಿತ್ತು, ಪೆಕ್ಟಿನ್ ಕರಗಿಸುವ ಶಕ್ತಿಯನ್ನು ಉಳಿಸಿಕೊಂಡಿತ್ತು. ಕೆಲಿಮಾರ್ಫ ಆಲ್ಟರ್ನನ್ಸ್‌ನ ಹೆಣ್ಣು ಪ್ರತಿ ತತ್ತಿಯ ತುದಿಗೆ ಈ ಬ್ಯಾಕ್ಟೀರಿಯ ತುಂಬಿದ ಸಣ್ಣ ಗುಳಿಗೆಗಳನ್ನು ಅಂಟಿಸುತ್ತದೆ. ಮರಿ ತತ್ತಿಯನ್ನು ಒಡೆಯುವ ಮೊದಲು ಅವನ್ನು ತಿನ್ನುತ್ತದೆ. ಆ ಗುಳಿಗೆಯನ್ನು ತೆಗೆದುಬಿಟ್ಟರೆ ಹೆಚ್ಚಿನ ಮರಿಗಳು ದುಂಬಿಯಾಗುವ ಮೊದಲೇ ಸಾಯುತ್ತವೆ.

ಕೋಶದ ಕಾಲ ಅತ್ಯಂತ ಅಪಾಯದ್ದು, ಏಕೆಂದರೆ ಆಗ ಗುರಾಣಿ ಬೀಸಲು ಆಗುವುದಿಲ್ಲ, ಓಡಲೂ ಆಗುವುದಿಲ್ಲ. ಈ ಹೊತ್ತಿಗೆ ಕೆಲಿಮಾರ್ಫ ಆಲ್ಟರ್ನನ್ಸ್ ಇನ್ನೊಂದು ಸಹಜೀವಿಯ ಮೊರೆ ಹೋಗಿದೆ. ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ ಕೋಶದ ಮೇಲೆ ಬಿಳಿ ಬೂಷ್ಟಿನಂತೆ ಬೆಳೆದು ಅದನ್ನು ಮುಚ್ಚುತ್ತದೆ. ಆ ಹೊದಿಕೆಯನ್ನು ತೆಗೆದ ಕೋಶಗಳು ಬಯಲಿನಲ್ಲಿ ಇರುವೆ ಮುಂತಾದ ಬೇಟೆಗಾರರ ಪಾಲಾಗುವುದು ಹೆಚ್ಚು ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಶಿಲೀಂಧ್ರಕ್ಕೂ ಇದರಿಂದ ಲಾಭವುಂಟು. ಕೋಶದಿಂದ ಎದ್ದ ದುಂಬಿ ತನ್ನ ಕಾಲುಗಳಲ್ಲಿ ಅದನ್ನು ಹೊತ್ತೊಯ್ದು ಹೊಸ ಬಳ್ಳಿಗಳಿಗೆ ಅಂಟಿಸುತ್ತದೆ, ಅಲ್ಲಿ ಅದು ಸೊರಗು ರೋಗವಾಗಿ ಬೆಳೆಯುತ್ತದೆ. ದುಂಬಿಯ ಮಟ್ಟಿಗೆ ರಕ್ಷಕನಾದದ್ದು ಗೆಣಸಿನ ಬಳ್ಳಿಗೆ ರೋಗಾಣು. ಕೆಲಿಮಾರ್ಫವನ್ನು ಎಲೆಯಲ್ಲಿ ತೂತು ಮಾಡುವ ಸಣ್ಣ ಪೀಡೆ ಎಂದಷ್ಟೇ ಕಾಣುತ್ತಿದ್ದ ಕೃಷಿ ವಿಜ್ಞಾನಕ್ಕೆ ಇದು ಗಂಭೀರವಾದ ತಿಳಿವಳಿಕೆ.

ಮೈಯೊಳಗಿನ ಸಾಕ್ಷ್ಯ

ಹೊರಗಿನ ಲಕ್ಷಣಗಳು ಕೈಕೊಟ್ಟಾಗ ತಜ್ಞರು ಜನನಾಂಗಗಳನ್ನು ಬಿಡಿಸಿ ನೋಡುತ್ತಾರೆ. ಕೆಲಿಮಾರ್ಫ ಆಲ್ಟರ್ನನ್ಸ್‌ನ ಗಂಡಿಗೆ ನೂಲಿನಂಥ ಒಂದು ಅಂಗವಿದೆ. ಅದು ದುಂಬಿಯ ಮೈಗಿಂತಲೂ ಉದ್ದ. ಹೆಣ್ಣಿನಲ್ಲಿ ವೀರ್ಯವನ್ನು ಕೂಡಿಡುವ ಚೀಲಕ್ಕೆ ಹೋಗುವ ನಾಳವೂ ಅಷ್ಟೇ ಉದ್ದವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಉದ್ದ ನೂಲಿನ ಗಂಡುಗಳು ಹೆಚ್ಚು ಮರಿಗಳಿಗೆ ತಂದೆಯಾಗುತ್ತವೆ ಎಂದು ರೊಡ್ರಿಗೆಸ್, ಡೊನಾಲ್ಡ್ ವಿಂಡ್ಸರ್, ವಿಲಿಯಂ ಎಬರ್ಹಾರ್ಡ್ 2004ರಲ್ಲಿ ತೋರಿಸಿದರು. ಇಂಥ ಅಂಗಗಳು ಹೆಣ್ಣಿನ ಆಯ್ಕೆಯ ಒತ್ತಡದಲ್ಲಿ ಬೇಗ ಬದಲಾಗುತ್ತವೆ. ಹೊರಗೆ ಒಂದೇ ಥರ ಕಾಣುವ ಎರಡು ಪ್ರಭೇದಗಳು ಒಳಗೆ ಸ್ಪಷ್ಟವಾಗಿ ಬೇರೆಯಾಗಿರಲು ಇದೇ ಕಾರಣ.

ಡಿಎನ್‌ಎ ನೋಡಿದರೆ ಸಾಲದೇ ಎಂದು ಇಂದು ಅನೇಕರು ಕೇಳುತ್ತಾರೆ. ಸಹಾಯವಾಗುತ್ತದೆ, ಆದರೆ ಎಚ್ಚರ ಬೇಕು. ಪನಾಮಾದ ಕೆಲಿಮಾರ್ಫ ಆಲ್ಟರ್ನನ್ಸ್‌ನಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯದ ಎರಡು ತಳಿಗಳಿವೆ ಎಂದು 2004ರಲ್ಲಿ ಗೊತ್ತಾಯಿತು. ಅವುಗಳಲ್ಲಿ ಒಂದು ತಳಿ, ಸೋಂಕಿಲ್ಲದ ಹೆಣ್ಣು ಸೋಂಕಿರುವ ಗಂಡಿನೊಡನೆ ಕೂಡಿದರೆ ತತ್ತಿಗಳು ಒಡೆಯದಂತೆ ಮಾಡುತ್ತದೆ. ಹೀಗೆ ಸೋಂಕಿರುವ ತಾಯಂದಿರ ವಂಶವೇ ಹಬ್ಬುತ್ತ ಹೋದಂತೆ ತಾಯಿಯಿಂದಲೇ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯವೂ ಜೊತೆಯಲ್ಲಿ ಹಬ್ಬುತ್ತದೆ. ಕೀಟಗಳ ಗುರುತಿಗೆ ಸಾಮಾನ್ಯವಾಗಿ ಓದುವ ಡಿಎನ್‌ಎ ತುಣುಕು ಈ ಮೈಟೊಕಾಂಡ್ರಿಯದ್ದೇ. ಆದ್ದರಿಂದ ಆ ಒಂದು ತುಣುಕಿನ ಕತೆ ದುಂಬಿಯ ಕತೆಯಾಗಿರದೆ ಬ್ಯಾಕ್ಟೀರಿಯದ ಕತೆಯಾಗಿರಬಹುದು. ಜೀವಕೋಶ ಕೇಂದ್ರದ ಡಿಎನ್‌ಎ, ಅಂಗರಚನೆ, ಬಳ್ಳಿ ಮೂರೂ ಒಂದೇ ಮಾತು ಹೇಳಿದಾಗ ನಂಬುವುದು ಕ್ಷೇಮ.

ಕೆಲವು ಪ್ರಭೇದಗಳು

ಉತ್ತರ ಅಮೆರಿಕದಲ್ಲಿ ಹೆಚ್ಚು ಪರಿಚಿತವಾದದ್ದು ಕೆಲಿಮಾರ್ಫ ಕ್ಯಾಸಿಡಿಯ. ಅಲ್ಲಿ ಅದನ್ನು ಆರ್ಗಸ್ ಆಮೆ ದುಂಬಿ ಎನ್ನುತ್ತಾರೆ. ಹಳದಿಯಿಂದ ಇಟ್ಟಿಗೆ ಕೆಂಪಿನವರೆಗಿನ ಮೈಮೇಲೆ ಕಪ್ಪು ಚುಕ್ಕೆಗಳು ಹರಡಿರುತ್ತವೆ, ಕೆಲವುಗಳಲ್ಲಿ ಅವು ಮಾಸಿಹೋಗಿರುತ್ತವೆ. ಕಾಡುಬಳ್ಳಿಗಳ ಜೊತೆಗೆ ಸಿಹಿಗೆಣಸಿನ ಎಲೆಯನ್ನೂ ತಿನ್ನುತ್ತದೆ. ಕೆಲಿಮಾರ್ಫ ಕ್ರಿಬ್ರೇರಿಯ ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳದು. 1990ರ ದಶಕದಲ್ಲಿ ಫ್ಲಾರಿಡಾದಲ್ಲೂ ಕಾಣಿಸಿಕೊಂಡಿತು. ದಕ್ಷಿಣದ ತುದಿಯ ಅರ್ಜೆಂಟೀನ, ಚಿಲಿಗಳ ಬಳ್ಳಿಗಳ ಮೇಲೆ ಕೆಲಿಮಾರ್ಫ ವೇರಿಯನ್ಸ್ ಸಾಮಾನ್ಯ. ಆಲ್ಟರ್ನನ್ಸ್ ಬಗ್ಗೆ ಮೇಲೆಯೇ ಸಾಕಷ್ಟು ಹೇಳಿದೆ. ಮೆರೆಮಿಯ ಅಂಬೆಲ್ಲೇಟ ಎಂದು ಹಿಂದಿನಿಂದ ಕರೆಯುತ್ತ ಬಂದಿರುವ ಹಳದಿ ಹೂವಿನ ಬಳ್ಳಿ ಮತ್ತು ಐಪೊಮಿಯ ಬಳ್ಳಿಗಳು ಅದರ ಆಹಾರ.

ಭಾರತದ ಬಳ್ಳಿಗಳ ಮೇಲೆ

ಭಾರತದಲ್ಲಿ ಕೆಲಿಮಾರ್ಫ ಇಲ್ಲ. ಆದರೆ ಅದು ತಿನ್ನುವ ಬಳ್ಳಿಗಳ ನೆಂಟರು ಇಲ್ಲಿಗೆ ಬಂದು ನೆಲೆಸಿದ್ದಾರೆ. ಬೆಳಗಾವಿ ಜಿಲ್ಲೆಯಲ್ಲಿ ಹೆಚ್ಚಾಗಿ ಬೆಳೆಯುವ ಸಿಹಿಗೆಣಸು ಅಮೆರಿಕ ಮೂಲದ್ದು. ಕೆರೆಯಂಗಳಗಳಲ್ಲಿ ಪೊದೆಯಾಗಿ ಹಬ್ಬಿ ತಿಳಿಗುಲಾಬಿ ಹೂ ಬಿಡುವ ಐಪೊಮಿಯ ಕಾರ್ನಿಯ ಕೂಡ ಅಲ್ಲಿಯದೇ. ಈ ಗಿಡಗಳು ಸಾಗರ ದಾಟಿದಾಗ ಅಲ್ಲಿನ ದುಂಬಿಗಳು ಹಿಂದೆ ಉಳಿದವು. ಇಲ್ಲಿ ಅವುಗಳ ಎಲೆಯನ್ನು ಮೇಯುವುದು ನಮ್ಮದೇ ಆಮೆ ದುಂಬಿಗಳು. ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಆಸ್ಪಿಡಿಮಾರ್ಫ ಮಿಲಿಯೇರಿಸ್ ಅವುಗಳಲ್ಲಿ ದೊಡ್ಡದು. ಚುಕ್ಕೆ ನೋಡಿ ಅದನ್ನು ಕೆಲಿಮಾರ್ಫ ಎನ್ನುವ ಹಾಗಿಲ್ಲ: ಅದರ ಅಂಚು ಅಗಲವಾಗಿ, ಚಪ್ಪಟೆಯಾಗಿ, ಬೆಳಕು ಹಾಯುವಂತಿರುತ್ತದೆ. ಬಂಗಾರದಂತೆ ಹೊಳೆಯುವ ಆಸ್ಪಿಡಿಮಾರ್ಫ ಸಾಂಕ್ಟೆಕ್ರೂಸಿಸ್, ಹಸಿರು ಬಣ್ಣದ ಪುಟ್ಟ ಕ್ಯಾಸಿಡ ಸರ್ಕಮ್‌ಡೇಟ ಇಲ್ಲಿನ ಇನ್ನೆರಡು.

ಕ್ರಿಬ್ರೇರಿಯ ಫ್ಲಾರಿಡಾಕ್ಕೆ ಬಂದಂತೆ ಯಾವುದಾದರೂ ಕೆಲಿಮಾರ್ಫ ಮುಂದೆ ಇನ್ನೊಂದು ಖಂಡದ ಗೆಣಸಿನ ಹೊಲದಲ್ಲಿ ಕಾಣಿಸಿಕೊಳ್ಳಬಹುದು. ಆಗ ಅದನ್ನು ಮೊದಲು ನೋಡುವವರು ರೈತರು, ಇಲ್ಲವೇ ಕ್ಯಾಮೆರಾ ಹಿಡಿದು ಬಳ್ಳಿಗಳ ನಡುವೆ ಅಲೆಯುವ ಆಸಕ್ತರು. ಆಮೆ ದುಂಬಿಯನ್ನು ಕಂಡವರು ಬೆನ್ನಿನ ಬಣ್ಣದ ಚಿತ್ರದ ಜೊತೆಗೆ ಪಕ್ಕದ ನೋಟ, ತಳಭಾಗ, ಪಾದ ಇವುಗಳ ಚಿತ್ರವನ್ನೂ ತೆಗೆಯಲಿ. ಯಾವ ಗಿಡದ ಮೇಲಿತ್ತು ಎಂದು ಬರೆದಿಡಲಿ, ಸುತ್ತಮುತ್ತ ತತ್ತಿ, ಮರಿಹುಳುಗಳಿವೆಯೇ ಎಂದು ಎಲೆ ಮಗುಚಿ ನೋಡಲಿ. ಸಾಧ್ಯವಾದವರು ಒಂದು ತತ್ತಿಗೊಂಚಲನ್ನು ಅದೇ ಬಳ್ಳಿಯ ಎಲೆ ಹಾಕಿ ದುಂಬಿಯಾಗುವ ತನಕ ಸಾಕಲಿ. ಹಾಗೆ ಬೆಳೆಸಿದ ಒಂದು ಸಂಸಾರ ಸೂಜಿಗೆ ಚುಚ್ಚಿದ ನೂರು ಒಣ ದುಂಬಿಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.